ಜಾನ್ ಕ್ವಿನ್ಸಿ ಆಡಮ್ಸ್

ದೇಶದ ಅತ್ಯುನ್ನತ ಪದವಿಯನ್ನು ಏರಿ ಇಳಿದವರು ಸಾಮಾನ್ಯವಾಗಿ ವಿಶ್ರಾಂತಿಯನ್ನು ಬಯಸುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಆರನೆಯ ಅಧ್ಯಕ್ಷನಾದ ಜಾನ್ ಕ್ವಿನ್ಸಿ ಆಡಮ್ಸನು ಹಾಗೆ ಮಾಡಲಿಲ್ಲ. ಪದವಿಯಿಂದ ಇಳಿದ ಮೇಲೆಯೇ ಅವನ ಹಿರಿಮೆ ಲೋಕಕ್ಕೆ ತಿಳಿಯಿತು.

ಆಡಮ್ಸನು 1767ರ ಜುಲೈ 11ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಬ್ರೇನ್‌ಟ್ರೀ ಎಂಬ ಊರಿನಲ್ಲಿ ಜನಿಸಿದನು. ತಂದೆ ಜಾನ್ ಆಡಮ್ಸನು ಸ್ವಾತಂತ್ರ್ಯ ಹೋರಾಟದ ಮುಂದಾಳು. ಮುಂದೆ ದೇಶದ ಎರಡನೆಯ ಅಧ್ಯಕ್ಷನಾದವನು. ಏಳು ವರ್ಷದ ಬಾಲಕನು ತಾಯಿ ಅಬಿಗೇಲಳೊಡನೆ ಗುಡ್ಡದ ಮೇಲೆ ನಿಂತು ಬಂಕರ್ ಹಿಲ್ ಕದನವನ್ನು ದೂರದಿಂದ ಕಂಡನು. ಹತ್ತನೆಯ ವಯಸ್ಸಿನಲ್ಲಿ ತಂದೆಯ ಜೊತೆ ಯೂರೋಪಿಗೆ ತೆರಳಿದನು. ಹದಿನಾಲ್ಕನೆಯ ವಯಸ್ಸಿನಲ್ಲಿ ರಷ್ಯಕ್ಕೆ ಹೊರಟ ರಾಯಭಾರಿಗೆ ಕಾರ್ಯದರ್ಶಿಯಾದನು. ಬಾಲ್ಯದಲ್ಲಿ ಆರಂಭಿಸಿದ ದಿನಚರಿಯನ್ನು ಅರುವತ್ತಕ್ಕೂ ಹೆಚ್ಚು ವರ್ಷ ಬರೆದನು.

ಹಾರ್ವರ್ಡಿನಲ್ಲಿ ವ್ಯಾಸಂಗ ಮುಗಿಸಿದ ಆಡಮ್ಸನು ವಕೀಲನಾಗಿ, ರಾಯಭಾರಿಯಾಗಿ, ಸೆನೆಟ್ ಸಭೆಯ ಸದಸ್ಯನಾಗಿ ದುಡಿದನು. ದೇಶಕ್ಕೆ ಹಿತವೆಂದು ತೋರಿದಾಗ ಸ್ವಪಕ್ಷದ ವಿರುದ್ಧವಾಗಿಯೂ ಮತ ನೀಡಿ, 1808ರಲ್ಲಿ ಸೆನೆಟ್ ಸ್ಥಾನವನ್ನೇ ತೊರೆದನು. 1817ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದನು. ಫ್ಲಾರಿಡಾ ಪ್ರದೇಶವನ್ನು ಸ್ಪೇನಿನಿಂದ ಪಡೆದ 1819ರ ಒಪ್ಪಂದವೂ 1823ರ ಮನ್ರೋ ಘೋಷಣೆಯೂ ಅವನ ರಾಜತಂತ್ರಕ್ಕೆ ಸಾಕ್ಷಿಯಾಗಿವೆ.

1824ರ ಚುನಾವಣೆಯಲ್ಲಿ ಯಾವ ಅಭ್ಯರ್ಥಿಗೂ ಬಹುಮತ ದೊರೆಯಲಿಲ್ಲ. ಆಂಡ್ರೂ ಜಾಕ್ಸನ್ನನಿಗೆ 99, ಆಡಮ್ಸನಿಗೆ 84 ಚುನಾಯಕ ಮತಗಳು ಬಂದಿದ್ದವು. ಸಂವಿಧಾನದಂತೆ ಆಯ್ಕೆಯ ಹೊಣೆ ಪ್ರತಿನಿಧಿ ಸಭೆಗೆ ಬಂದು, ಅದು ಆಡಮ್ಸನನ್ನು ಆರಿಸಿತು. ತನ್ನನ್ನು ಬೆಂಬಲಿಸಿದ ಹೆನ್ರಿ ಕ್ಲೇಯನ್ನು ಅವನು ವಿದೇಶಾಂಗ ಕಾರ್ಯದರ್ಶಿಯನ್ನಾಗಿ ನೇಮಿಸಿದಾಗ, ಇದು ಒಳಒಪ್ಪಂದವೆಂಬ ಆಪಾದನೆ ಎದ್ದಿತು. ರಸ್ತೆ, ಕಾಲುವೆ, ರಾಷ್ಟ್ರೀಯ ವಿಶ್ವವಿದ್ಯಾನಿಲಯ, ಖಗೋಳ ವೀಕ್ಷಣಾಲಯ ಮುಂತಾದ ಅವನ ಯೋಜನೆಗಳಲ್ಲಿ ಬಹುಪಾಲು ಈಡೇರಲಿಲ್ಲ. 1828ರಲ್ಲಿ ಜಾಕ್ಸನ್ನನೇ ಅವನನ್ನು ಸೋಲಿಸಿದನು.

1830ರಲ್ಲಿ ಅವನ ನಾಡಿನ ಜನರು ಅವನನ್ನು ಪ್ರತಿನಿಧಿ ಸಭೆಗೆ ಆರಿಸಿದರು. ಅಧ್ಯಕ್ಷನಾಗಿದ್ದವನಿಗೆ ಸಾಮಾನ್ಯ ಸದಸ್ಯತ್ವವು ಕೀಳೆಂದು ಅವನು ಭಾವಿಸಲಿಲ್ಲ. ಆಗ ಗುಲಾಮಗಿರಿಯನ್ನು ವಿರೋಧಿಸಿ ಸಾವಿರಾರು ಮನವಿಗಳು ಸಭೆಗೆ ಬರುತ್ತಿದ್ದವು. ಅವನ್ನು ಚರ್ಚಿಸದೆ ಬದಿಗಿರಿಸಬೇಕೆಂದು 1836ರಲ್ಲಿ ಸಭೆಯು ನಿರ್ಣಯ ಮಾಡಿತು. ಪ್ರಜೆಯ ಅಹವಾಲನ್ನು ಕೇಳಲೊಲ್ಲದ ಸಭೆಯು ಸಂವಿಧಾನವನ್ನೇ ಮುರಿಯುತ್ತದೆ ಎಂದು ಆಡಮ್ಸನು ವಾದಿಸಿದನು. ಗದ್ದಲಕ್ಕೂ ಬೆದರಿಕೆಗೂ ಅಂಜದೆ ಮನವಿಗಳನ್ನು ಮಂಡಿಸುತ್ತಲೇ ಹೋದನು. 1842ರಲ್ಲಿ ಅವನ ಮೇಲೆ ಖಂಡನಾ ನಿರ್ಣಯ ತಂದವರು ಅವನ ವಾದಕ್ಕೆ ಎದುರು ನಿಲ್ಲಲಾರದೆ ಹಿಂದೆಗೆದರು. 1844ರ ಡಿಸೆಂಬರ್ 3ರಂದು ಆ ನಿಯಮವು ರದ್ದಾಯಿತು.

ಈ ನಡುವೆ, ಆಫ್ರಿಕದಿಂದ ಸೆರೆಹಿಡಿದು ತಂದಿದ್ದ ಕೆಲವರು 1839ರಲ್ಲಿ ಕ್ಯೂಬದ ಸಮೀಪ ಅಮಿಸ್ಟಾಡ್ ಎಂಬ ಹಡಗನ್ನು ವಶಪಡಿಸಿಕೊಂಡು, ಕೊನೆಗೆ ಅಮೆರಿಕದ ಸೆರೆಮನೆಯನ್ನು ಸೇರಿದ್ದರು. 1841ರಲ್ಲಿ ಎಪ್ಪತ್ತಮೂರು ವರ್ಷದ ಆಡಮ್ಸನು ಸರ್ವೋಚ್ಚ ನ್ಯಾಯಾಲಯದಲ್ಲಿ ಅವರ ಪರವಾಗಿ ವಾದಿಸಿದನು. ಕಂಬದ ಮೇಲಿದ್ದ ಸ್ವಾತಂತ್ರ್ಯ ಘೋಷಣೆಯ ಪ್ರತಿಯತ್ತ ಕೈತೋರಿ, ಅದರ ತತ್ತ್ವವು ಈ ಬಂದಿಗಳಿಗೂ ಸಲ್ಲಬೇಕೆಂದನು. ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಬದುಕುಳಿದಿದ್ದ 35 ಮಂದಿ ತಾಯ್ನಾಡಿಗೆ ಮರಳಿದರು.

1848ರ ಫೆಬ್ರವರಿ 21ರಂದು ಆಡಮ್ಸನು ಸಭೆಯಲ್ಲಿಯೇ ಕುಸಿದುಬಿದ್ದನು. ಎರಡು ದಿನಗಳ ಅನಂತರ ಆ ಭವನದಲ್ಲಿಯೇ ಕೊನೆಯುಸಿರೆಳೆದನು. ಗುಲಾಮಗಿರಿಯು ಕೊನೆಗೊಂಡುದು 1865ರಲ್ಲಿ. ಅದನ್ನು ಕಾಣುವ ಭಾಗ್ಯ ಅವನಿಗಿರಲಿಲ್ಲ. ಆದರೆ ಅದರ ವಿರುದ್ಧ ಎದ್ದ ದನಿಯು ಶಾಸನಸಭೆಯಲ್ಲಿ ಅಡಗದಂತೆ ಅವನು ಕಾಪಾಡಿದ್ದನು.

ಅಭ್ಯಾಸ

1. ಆಡಮ್ಸನು ಅಧ್ಯಕ್ಷನಾಗಿ ಆಯ್ಕೆಯಾದ ಬಗೆಯನ್ನು ವಿವರಿಸಿ.
2. ಮನವಿಗಳನ್ನು ಕುರಿತ ನಿರ್ಣಯವನ್ನು ಆಡಮ್ಸನು ಏಕೆ ವಿರೋಧಿಸಿದನು?
3. ಅಮಿಸ್ಟಾಡ್ ಪ್ರಕರಣದಲ್ಲಿ ಅವನ ಪಾತ್ರವೇನು?