ಎಣಿಕೆ ಮತ್ತು ಎಚ್ಚರ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ತೆಂಗಿನ ಸೀಮೆಗೆ ಸೇರಿದ ಊರು. ಬೆಂಬಲ ಬೆಲೆಗೆ ಉಂಡೆ ಕೊಬ್ಬರಿ ಮಾರಲು ಹೆಸರು ಬರೆಯಿಸಿದ ರೈತರ ಪಟ್ಟಿಯೊಂದನ್ನು ಊಹಿಸಿಕೊಳ್ಳಿ. ಪ್ರತಿಯೊಬ್ಬರ ಎದುರಿಗೂ ಅವರ ಊರಿನ ಹೆಸರಿದೆ. ಊರಿಗೆಷ್ಟು ಗೋಣಿಚೀಲ ಕಳುಹಿಸಬೇಕೆಂಬುದನ್ನು ತಿಳಿಯಲು ಒಂದೊಂದು ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸಬೇಕು.

ಹಿಂದೆ ಗುಮಾಸ್ತರು ಪಟ್ಟಿಯ ಮೇಲೆ ಬೆರಳಾಡಿಸುತ್ತ, ಹೆಸರು ಕಂಡಾಗಲೆಲ್ಲ ಒಂದು ಗೀಟು ಎಳೆಯುತ್ತಿದ್ದರು. ಅಮೆರಿಕದ 1890ರ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ರಚಿಸಿದ ಯಂತ್ರವು ರಟ್ಟಿನ ಚೀಟಿಗಳ ರಂಧ್ರಗಳನ್ನು ಗುರುತಿಸಿ ಎಣಿಸಿತು. ಇಂದು ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ ‘ಕೌಂಟ್‌ಇಫ್’ ಎಂಬ ಸೂತ್ರವಿದೆ. ಯಾವ ಕಾಲಂ, ಯಾವ ಹೆಸರು ಎಂಬೆರಡನ್ನು ತಿಳಿಸಿದರೆ ಸಾಕು. ಅದು ಪ್ರತಿಯೊಂದು ಮನೆಯನ್ನೂ ಆ ಹೆಸರಿನೊಡನೆ ಹೋಲಿಸಿ, ಸರಿಹೊಂದಿದಾಗಲೆಲ್ಲ ಒಂದನ್ನು ಕೂಡಿಸುತ್ತದೆ. ಆ ಕಾಲಮಿನಲ್ಲಿ ಹೊಸ ಹೆಸರು ಸೇರಿದರೆ ಎಣಿಕೆಯೂ ತಾನಾಗಿ ಬದಲಾಗುತ್ತದೆ.

ಆದರೆ ಒಬ್ಬರು ‘ದಬ್ಬೇಘಟ್ಟ’ವೆಂದೂ ಮತ್ತೊಬ್ಬರು ‘ದಬ್ಬೆಘಟ್ಟ’ವೆಂದೂ ಬರೆದಿದ್ದರೆ? ನಮಗೆ ಊರು ಒಂದೇ, ಯಂತ್ರಕ್ಕೆ ಎರಡು. ಹೆಸರಿನ ಕೊನೆಯಲ್ಲಿ ಕಣ್ಣಿಗೆ ಕಾಣದ ತೆರಪೊಂದು ಉಳಿದಿದ್ದರೂ ಅದು ಬೇರೆಯೆನಿಸೀತು. ಆಗ ಪಟ್ಟಿಯಲ್ಲಿರುವ ರೈತ ಎಣಿಕೆಯಲ್ಲಿ ಇಲ್ಲವಾಗುತ್ತಾನೆ. ಅವನ ಪಾಲಿನ ಚೀಲವೂ ಬಾರದು.

ಇದಕ್ಕೆ ಪರಿಹಾರ ಸುಲಭ. ಊರುಗಳ ಹೆಸರನ್ನು ಮೊದಲೇ ಒಂದೇ ಬಗೆಯಾಗಿ ಗೊತ್ತುಮಾಡಬೇಕು. ಆ ಎಲ್ಲ ಊರುಗಳ ಎಣಿಕೆಯನ್ನು ಕೂಡಿದಾಗ ಬರುವ ಮೊತ್ತ ಪಟ್ಟಿಯ ರೈತರ ಸಂಖ್ಯೆಗೆ ಸಮವೇ ಎಂದು ನೋಡಬೇಕು. ಕಡಿಮೆ ಬಂದರೆ, ಯಾರೋ ಹೊರಗುಳಿದಿದ್ದಾರೆಂದೇ ಅರ್ಥ.

ಯಂತ್ರಕ್ಕೆ ಆಯಾಸವಿಲ್ಲ, ಮರೆವಿಲ್ಲ. ಆದರೆ ಅದಕ್ಕೆ ಊರಿನ ಪರಿಚಯವೂ ಇಲ್ಲ. ಹೊರಗುಳಿದವನನ್ನು ಹುಡುಕುವ ಹೊಣೆ ಎಣಿಸುವ ಮನುಷ್ಯನದೇ.