ಎರಡು ಬೇವಿನ ಮರಗಳ ನಡುವೆ

ಬ್ಯಾಡಗಿಯ ಕಡೆಯವರಾದ ನಮಗೆ ಮರಕ್ಕೆ ಹಗ್ಗ ಕಟ್ಟುವುದೆಂದರೆ ಪಂಚಮಿಯ ಜೋಕಾಲಿಯೇ ನೆನಪಿಗೆ ಬರತಕ್ಕದ್ದು. ಶ್ರಾವಣದ ಮೋಡ ಕವಿದ ಆ ದಿನಗಳಲ್ಲಿ ತವರಿಗೆ ಬಂದ ಹೆಣ್ಣುಮಕ್ಕಳು ಶೇಂಗಾದ ಉಂಡಿ, ಅಳ್ಳಿಟ್ಟುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹುಣಸೆಯ ಮರದಡಿ ತಮ್ಮ ಸರದಿಗಾಗಿ ಕಾಯುತ್ತಿದ್ದುದನ್ನೂ, ನಮ್ಮ ಅಜ್ಜನು ಪುಂಡಿಯ ನಾರಿನ ಹಗ್ಗವನ್ನು ಕೊಂಬೆಗೆ ಏರಿಸುವ ಮುನ್ನ ಅದನ್ನು ತುದಿಯಿಂದ ತುದಿಯವರೆಗೆ ಅಂಗೈಯಲ್ಲಿ ಸವರಿ ಸವರಿ ನೋಡುತ್ತಿದ್ದುದನ್ನೂ, ಕೊಂಬೆಗೂ ಹಗ್ಗಕ್ಕೂ ನಡುವೆ ಹಳೆಯ ತಟ್ಟಿನ ತುಂಡೊಂದನ್ನು ಸುತ್ತುತ್ತಿದ್ದುದನ್ನೂ ಬಾಲ್ಯದಲ್ಲಿ ಕಣ್ಣಾರೆ ಕಂಡವನು ನಾನು. ಆ ತಟ್ಟು ಹಗ್ಗವು ಸವೆಯದಿರಲೆಂದೇ ಇದ್ದುದೆಂದು ಬಹುಕಾಲ ಭಾವಿಸಿದ್ದೆನು. ಅದು ಮರದ ಸಲುವಾಗಿಯೂ ಇದ್ದಿತೆಂಬುದು ಈ ಮುಪ್ಪಿನಲ್ಲಿ, ಬೇರೊಂದು ಬಗೆಯ ಹಗ್ಗದ ದೆಸೆಯಿಂದ ನನಗೆ ತಿಳಿಯಬಂದಿತು.

ಆ ಬೇರೊಂದನ್ನು ತಂದವನು ನನ್ನ ತಂಗಿಯ ಮಗ. ಗೋಕರ್ಣದ ಕಡಲತೀರದಲ್ಲಿ ತೆಂಗಿನ ಮರಗಳ ನಡುವೆ ಪಟ್ಟಿ ಬಿಗಿದು ಅದರ ಮೇಲೆ ನಡೆಯುವವರನ್ನು ಕಂಡು ಮನಸೋತು, ರಜೆಗೆ ಊರಿಗೆ ಬರುವಾಗ ಅಂಥದೇ ಒಂದು ಪಟ್ಟಿಯನ್ನು ಹೆಗಲಿಗೇರಿಸಿಕೊಂಡು ಬಂದನು. ಸ್ಲ್ಯಾಕ್‌ಲೈನ್ ಎಂದು ಅದರ ಹೆಸರು. ಐದು ಸೆಂಟಿಮೀಟರು ಅಗಲದ, ಕೃತಕ ನೂಲಿನಿಂದ ನೇಯ್ದ ಚಪ್ಪಟೆ ಪಟ್ಟಿ. ಲಾರಿಯವರು ಸರಕು ಬಿಗಿಯಲು ಬಳಸುವಂಥ ಹಲ್ಲುಗಾಲಿಯ ರ‍್ಯಾಚೆಟ್ಟಿನಿಂದ ಅದನ್ನು ಮೊಣಕಾಲೆತ್ತರದಲ್ಲಿ ಎರಡು ಮರಗಳ ನಡುವೆ ಎಳೆದು ಕಟ್ಟುತ್ತಾರೆ. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕೆಯ ಯೊಸೆಮಿಟಿ ಕಣಿವೆಯ ಶಿಲಾರೋಹಿಗಳಲ್ಲಿ ಬೆಳೆದ ಆಟವಿದು. ನಮ್ಮ ಸಂತೆಗಳಲ್ಲಿ ದೊಂಬರ ಹುಡುಗಿಯು ಬಿದಿರುಗಳವನ್ನು ಅಡ್ಡ ಹಿಡಿದು ನಡೆಯುತ್ತಿದ್ದ ಹಗ್ಗವು ಬಿಗಿಯಾಗಿ ನಿಲ್ಲತಕ್ಕದ್ದು. ಇದಾದರೋ ಕಾಲಿನಡಿಯಲ್ಲಿ ಜೀವವಿರುವಂತೆ ಹೊಯ್ದಾಡುತ್ತದೆ, ಕೈಯಲ್ಲಿ ಗಳವೂ ಇರುವುದಿಲ್ಲ.

ನಮ್ಮ ಓಣಿಯ ಆಚೆಗೆ ಸಾರ್ವಜನಿಕರ ಬಯಲೊಂದಿದೆ. ಅಲ್ಲಿ ಹದಿನೈದು ಮೀಟರು ಅಂತರದಲ್ಲಿ ಎರಡು ಬೇವಿನ ಮರಗಳಿವೆ. ಸೋದರಳಿಯನು ತೊಗಟೆಯ ಮೇಲೆಯೇ ನೇರವಾಗಿ ಪಟ್ಟಿಯನ್ನು ಸುತ್ತಿ ಬಿಗಿದನು. ಹಿರಿಯನಾದ ನಾನೂ ಏನನ್ನೂ ಹೇಳದೆ ನೋಡುತ್ತ ನಿಂತೆನು. ಒಂದು ವಾರ ಓಣಿಯ ಮಕ್ಕಳೆಲ್ಲ ಸೇರಿ ಸಂತೋಷದಿಂದ ಆಡಿದರು. ಎಂಟನೆಯ ದಿನ ಬೆಳಗ್ಗೆ ನೋಡಿದರೆ, ಪಟ್ಟಿಯು ಉಜ್ಜಿದ ಜಾಗದಲ್ಲಿ ತೊಗಟೆಯ ಕಪ್ಪು ಚಕ್ಕೆಗಳು ಉದುರಿ ಒಳಗಿನ ಕೆಂಪು ಕಾಣುತ್ತಿದ್ದಿತು. ಅದರ ಅಂಚಿನಲ್ಲಿ ಸಾಲಾಗಿ ಜೇನಿನ ಬಣ್ಣದ ಅಂಟಿನ ಹನಿಗಳು ಮೂಡಿದ್ದವು. ಒಂದು ಹನಿಯನ್ನು ಬೆರಳಿನಿಂದ ಮುಟ್ಟಿದೆನು, ಇನ್ನೂ ಗಟ್ಟಿಯಾಗಿರಲಿಲ್ಲ. ಮರದ ಎಲೆಗಳು ಸಿದ್ಧಪಡಿಸಿದ ಆಹಾರವು ಬೇರಿಗೆ ಇಳಿಯುವುದು ತೊಗಟೆಗೆ ಹೊಂದಿದ ತೆಳುವಾದ ಪದರದಲ್ಲಿ. ಸುತ್ತಲೂ ಆ ಪದರವು ಹರಿದುಹೋದರೆ, ಎಷ್ಟೇ ದೊಡ್ಡ ಮರವಾದರೂ ಬೇರಿನಿಂದ ಬಡವಾಗಿ ಸಾಯುವುದು. ನಾಲ್ಕು ದಶಕ ಮಕ್ಕಳಿಗೆ ಇದನ್ನೇ ಪಾಠ ಹೇಳಿದ ನನಗೆ ಆ ಹನಿಯನ್ನು ಮುಟ್ಟಿದಾಗ ಆದ ವ್ಯಥೆಯು ಇಂದಿಗೂ ಮಾಸಿಲ್ಲ.

ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡಿ ಹೆಗಲು ಸವೆಸಿದ ಹಿರಿಯರೊಬ್ಬರು ನಮ್ಮ ಓಣಿಯಲ್ಲಿದ್ದಾರೆ. ಮರವನ್ನು ನೋಡಿ ಅವರು ಕೋಪಿಸಿಕೊಳ್ಳಲಿಲ್ಲ. ಮನೆಗೆ ಹೋಗಿ ಎರಡು ತಟ್ಟಿನ ಚೀಲಗಳನ್ನು ತಂದು, ನಾಲ್ಕು ಮಡಿಕೆಯಾಗಿ ಮಡಿಚಿ, ಮರದ ಸುತ್ತ ಹೊದಿಸಿ, “ಚೀಲ ಹೊರೋವಾಗ ಹೆಗಲಿಗೆ ನಾವು ಟವಲ್ ಹಾಕ್ಕೊಳ್ಳೂದಿಲ್ಲೇನ್ರೀ ಮಾಸ್ತರ? ಅದಕ್ಕೂ ಹೆಗಲೇ ಐತಿ,” ಎಂದರು. ಅಜ್ಜನ ತಟ್ಟು ನನಗೆ ನೆನಪಾದುದು ಆ ಕ್ಷಣದಲ್ಲಿ.

ಜೋಕಾಲಿಗೆ ತಡೆದುಕೊಂಡ ಮರವು ಇದಕ್ಕೂ ತಡೆದುಕೊಳ್ಳುವುದೆಂಬ ನನ್ನ ಎಣಿಕೆಯೂ ತಪ್ಪಾಗಿದ್ದಿತು. ಅರವತ್ತು ಕಿಲೋ ತೂಕದ ವ್ಯಕ್ತಿಯು ಜೋಕಾಲಿಯನ್ನು 60 ಅಂಶಗಳ ಕೋನದವರೆಗೆ ಜೀಕಿದರೂ, ಕೆಳಗೆ ಬರುವಾಗ ಎರಡೂ ಹಗ್ಗಗಳ ಮೇಲೆ ಒಟ್ಟು ಬೀಳುವ ಭಾರವು ಅವನ ತೂಕದ ಎರಡರಷ್ಟು ಮಾತ್ರ. ಅದೇ ವ್ಯಕ್ತಿಯು ಹದಿನೈದು ಮೀಟರಿನ ಪಟ್ಟಿಯ ನಡುವೆ ನಿಂತಾಗ ಅದು ಮುಕ್ಕಾಲು ಮೀಟರು ತಗ್ಗಿದರೆ, ಪ್ರತಿಯೊಂದು ಮರದ ಮೇಲೂ 300 ಕಿಲೋ ಎಳೆತ ಬೀಳುವುದು. ಇನ್ನೂ ಬಿಗಿದು ತಗ್ಗನ್ನು ಅರ್ಧಕ್ಕೆ ಇಳಿಸಿದರೆ 600 ಕಿಲೋ. ಬಿಗಿ ಹೆಚ್ಚಿದಷ್ಟೂ ನಡೆಯುವುದು ಸುಲಭವೆಂದು ಮಕ್ಕಳು ರ‍್ಯಾಚೆಟ್ಟಿನ ಹಿಡಿಯನ್ನು ಜಗ್ಗುತ್ತಲೇ ಇದ್ದರಲ್ಲ, ಆ ಸುಲಭದ ಬೆಲೆಯನ್ನು ಮರವು ತೆರುತ್ತಿದ್ದಿತು. ಅಂದಿನಿಂದ ಸುತ್ತಳತೆ ಒಂದು ಮೀಟರಿಗೆ ಕಡಿಮೆಯಾದ ಮರಕ್ಕೆ ನಾವು ಕಟ್ಟಿಲ್ಲ. ದೊಡ್ಡದಾದರೂ ನುಗ್ಗೆಯ ಗೋಜಿಗೆ ಹೋಗಿಲ್ಲ. ಜಡಿಮಳೆಯಾಗಿ ನೆಲ ಮೆತ್ತಗಾದ ಮೇಲೆ ಮಣ್ಣು ಆರುವ ತನಕ ಮರವನ್ನು ಎಳೆಯಗೊಟ್ಟಿಲ್ಲ. ಹಿಡಿಯನ್ನು ಬಿಚ್ಚುವಾಗ ಅದು ರಭಸದಿಂದ ಹಿಂದಕ್ಕೆ ಬಡಿಯಬಲ್ಲದಾದುದರಿಂದ ಆ ಕೆಲಸವನ್ನು ಮಕ್ಕಳಿಗೆ ವಹಿಸುವುದೂ ಇಲ್ಲ.

ಮರದ ಪಾಠವನ್ನು ಕಲಿತೆವಾದರೂ ನೆಲದ ಪಾಠವು ಉಳಿದೇ ಇದ್ದಿತು. ಕಾರ್ತಿಕದ ಒಂದು ಸಂಜೆ, ಬೇಗನೆ ಕತ್ತಲಾಗುವ ಕಾಲ, ಚಹ ಕುಡಿದು ಬಂದು ಬಿಚ್ಚಿದರಾಯಿತೆಂದು ನಾವಿಬ್ಬರೂ ಪಟ್ಟಿಯನ್ನು ಹಾಗೆಯೇ ಬಿಟ್ಟು ಮನೆಗೆ ಹೋದೆವು. ಬಯಲಿನ ನಡುವೆ ಕಾಲುದಾರಿಯಿದೆ. ಹಾಲು ಹಾಕಲು ಹೊರಟವನೊಬ್ಬನು, ಸೈಕಲ್ಲಿಗೆ ಎರಡು ಕ್ಯಾನುಗಳನ್ನು ಕಟ್ಟಿಕೊಂಡು, ದಿನವೂ ಬರುವ ವೇಗದಲ್ಲಿ ಬಂದು, ಕಣ್ಣಿಗೆ ಬೀಳದ ಆ ಪಟ್ಟಿಗೆ ತಾಕಿ ಬಿದ್ದನು. ಕೂಗು ಕೇಳಿ ನಾವು ಓಡಿಹೋಗುವಷ್ಟರಲ್ಲಿ ಹಾಲೆಲ್ಲ ಮಣ್ಣಿಗೆ ಇಳಿದಿದ್ದಿತು. ಅವನು ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡು ಕುಳಿತಿದ್ದನು. ಮೂಳೆ ಬಿರುಕು ಬಿಟ್ಟಿದ್ದಿತು. ಆಸ್ಪತ್ರೆಯ ವೆಚ್ಚವನ್ನೂ, ಅವನು ದುಡಿಯಲಾಗದ ದಿನಗಳ ನಷ್ಟವನ್ನೂ ನಾನು ಭರಿಸಿದೆನು, ಆದರೆ ನಾನು ಕ್ಷಮೆ ಕೇಳಿದಾಗ ಅವನು ಹೇಳಿದ ಮಾತಿಗೆ ನನ್ನಲ್ಲಿ ಪರಿಹಾರವಿರಲಿಲ್ಲ: “ನನಗ ಅಲ್ಲಿ ದಾರಿ ಐತಿ ಅನ್ನೂದು ಗೊತ್ತಿತ್ರೀ ಮಾಸ್ತರ, ಹಗ್ಗ ಐತಿ ಅನ್ನೂದು ಗೊತ್ತಿರಲಿಲ್ಲ.”

ಆ ರಾತ್ರಿ ನಿದ್ರೆ ಬಾರದೆ ದೊಂಬರ ನೆನಪು ಮತ್ತೆ ಮತ್ತೆ ಬಂದಿತು. ಅವರು ಯಾರ ಮರವನ್ನೂ ಮುಟ್ಟುತ್ತಿರಲಿಲ್ಲ. ಎರಡೆರಡು ಬಿದಿರುಗಳನ್ನು ಕತ್ತರಿಯಾಕಾರದಲ್ಲಿ ನಿಲ್ಲಿಸಿ, ಹಗ್ಗದ ತುದಿಗಳನ್ನು ನೆಲಕ್ಕೆ ಗೂಟ ಹೊಡೆದು ಬಿಗಿಯುತ್ತಿದ್ದರು. ಡೋಲು ಬಾರಿಸಿ ಊರಿಗೆಲ್ಲ ಸುದ್ದಿ ಕೊಡುತ್ತಿದ್ದರು. ಹಗ್ಗ ಮೇಲಿರುವಷ್ಟು ಹೊತ್ತೂ ಅವರಲ್ಲೊಬ್ಬನ ಕಣ್ಣು ಅದರ ಮೇಲೆಯೇ ಇರುತ್ತಿದ್ದಿತು. ಆಟ ಮುಗಿದೊಡನೆ ಗೂಟವನ್ನೂ ಕಿತ್ತುಕೊಂಡು ಹೋಗುತ್ತಿದ್ದರು. ಎಲ್ಲರಿಗೂ ಸೇರಿದ ನೆಲವನ್ನು ಒಂದು ಹೊತ್ತಿನ ಮಟ್ಟಿಗೆ ಕೇಳಿ ಪಡೆದು ಹಿಂದಿರುಗಿಸುವ ಆ ಕ್ರಮವನ್ನು, ಅಲೆಮಾರಿಗಳೆಂದು ಊರು ಕೀಳಾಗಿ ಕಂಡ ಆ ಜನರು ಅಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದರು.

ಈಗ ನಾವು ಕಾಲುದಾರಿಗೆ ಅಡ್ಡವಾಗಿ ಕಟ್ಟುವುದಿಲ್ಲ. ಬಯಲಿನ ಇನ್ನೊಂದು ಮೂಲೆಯಲ್ಲಿ ಬೇರೆ ಎರಡು ಮರಗಳನ್ನು ಹುಡುಕಿಕೊಂಡಿದ್ದೇವೆ. ಪಟ್ಟಿಯುದ್ದಕ್ಕೂ ಕೆಂಪು ಬಟ್ಟೆಯ ತುಂಡುಗಳನ್ನು ತೂಗುಬಿಡುತ್ತೇವೆ. ಸೋಮವಾರ ಮತ್ತು ಗುರುವಾರ ಪೇಟೆಯ ದಿನಗಳಾಗಿದ್ದು, ಸುಗ್ಗಿಯ ತಿಂಗಳುಗಳಲ್ಲಿ ಬಯಲೆಲ್ಲ ಚಕ್ಕಡಿ ಟ್ರ್ಯಾಕ್ಟರುಗಳಿಂದ ತುಂಬುವುದರಿಂದ ಆ ದಿನಗಳಲ್ಲಿ ಕಟ್ಟುವ ಮಾತೇ ಇಲ್ಲ. ಬಿಸಿಲಿಗೆ ನೈಲಾನು ಬಲಗುಂದುವುದೆಂದು ಪಟ್ಟಿಯನ್ನು ಕೋಣೆಯಲ್ಲಿ ಸುತ್ತಿ ಇಡುತ್ತೇವೆ. ಒಮ್ಮೆ ಅದನ್ನು ಮೆಣಸಿನಕಾಯಿ ತುಂಬಿದ್ದ ಚೀಲದಲ್ಲಿ ಇಟ್ಟಿದ್ದೆನು. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಕಾಯಿಯಲ್ಲವೇ ಎಂಬ ಉದಾಸೀನ ನನ್ನದು. ಮರುದಿನ ಪಟ್ಟಿ ಹಿಡಿದ ಕೈಯಿಂದ ಕಣ್ಣೊರೆಸಿಕೊಂಡ ಪುಟ್ಟ ಹುಡುಗಿಯೊಬ್ಬಳು ಅರ್ಧ ತಾಸು ಅತ್ತಳು. ಆ ಚೀಲವನ್ನು ಅಂದೇ ಹೊರಗೆ ಹಾಕಿದೆನು.

ಈ ವರ್ಷದ ಪಂಚಮಿಗೆ ಪಟ್ಟಿಯನ್ನು ಹೊರಗೆ ತೆಗೆಯಲಿಲ್ಲ, ಬಯಲು ಹೆಣ್ಣುಮಕ್ಕಳದಾಗಿದ್ದಿತು. ಜೋಕಾಲಿ ಕಟ್ಟಿದವನು ನನ್ನ ಸೋದರಳಿಯ. ಯಾರೂ ಹೇಳದೆಯೇ ಅವನು ಹಗ್ಗವನ್ನು ತುದಿಯಿಂದ ತುದಿಯವರೆಗೆ ಅಂಗೈಯಲ್ಲಿ ಸವರಿ ನೋಡಿ, ಕೊಂಬೆಗೆ ತಟ್ಟನ್ನು ಸುತ್ತಿದನು. ಸಂಜೆಯ ಹೊತ್ತಿಗೆ ಹಾಲಿನವನು ಬಂದು, ಸೈಕಲ್ಲನ್ನು ದೂರದಲ್ಲಿ ನಿಲ್ಲಿಸಿ, ಜೀಕುತ್ತಿದ್ದ ತನ್ನ ಮಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತನು. ಬಳಿಕ ನನ್ನ ಬಳಿಗೆ ಬಂದು ಕೇಳಿದನು:

“ಬಿಚ್ಚೂದು ಎಷ್ಟೊತ್ತಿಗ್ರೀ ಮಾಸ್ತರ? ನಾನೂ ಒಂದು ಕೈ ಹಚ್ಚತೀನಿ.”