ಹಲ್ಲೂ ಹೋಯಿತು, ದುಡ್ಡೂ ಹೋಯಿತು

ಯಲಹಂಕದಲ್ಲೋ ಹೆಬ್ಬಾಳದಲ್ಲೋ ಹಲ್ಲು ಕಟ್ಟಿಸಿದೆವು ಅನ್ನಿ. ಸಂಘದಲ್ಲಿ ಸಾಲ ತಂದು ಫೀಸು ಕೊಟ್ಟೆವು. ತಿಂಗಳಲ್ಲೇ ಹಲ್ಲು ಅಲ್ಲಾಡಿತು. ವಸಡು ಊದಿತು. ಕೇಸು ಹಾಕೋಣವೇ, ಬೇಡವೇ?

ಅವಸರ ಬೇಡ. ಮೊದಲು ಅದೇ ಡಾಕ್ಟರ ಹತ್ತಿರ ಹೋಗೋಣ. ಸರಿ ಮಾಡಿಕೊಡಿ, ಇಲ್ಲವೇ ಹಣ ವಾಪಸ್ ಕೊಡಿ ಅಂತ ಬರೆದು ಕೊಡೋಣ. ಅದರ ನಕಲು ನಮ್ಮ ಹತ್ತಿರ ಇರಲಿ. ಈಗ ನಮಗೆ ಬರೆಯೋಕೆ ಬರುತ್ತದಲ್ಲ!

ನೋವು ಉಳಿದರೆ ಡಾಕ್ಟರದೇ ತಪ್ಪು ಅಂತ ಅಲ್ಲ. ಚೆನ್ನಾಗಿ ಮಾಡಿದ ಕೆಲಸವೂ ಕೆಲವು ಸಲ ಕೆಡುತ್ತದೆ. ಅದಕ್ಕೇ ಇನ್ನೊಬ್ಬ ಹಲ್ಲಿನ ಡಾಕ್ಟರಿಗೆ ತೋರಿಸಬೇಕು. ಬೆಂಗಳೂರಿನ ಕೋಟೆ ಹತ್ತಿರ ಸರ್ಕಾರಿ ದಂತ ಕಾಲೇಜು ಇದೆ. ಅವರು ಕಂಡದ್ದನ್ನು ಕಾಗದದಲ್ಲಿ ಬರೆಸಿಕೊಳ್ಳೋಣ. ಆ ಕಾಗದ ಇಲ್ಲದೆ ಕೇಸು ನಿಲ್ಲುವುದು ಕಷ್ಟ. ರಸೀದಿ, ಎಕ್ಸ್‌ರೇ, ಔಷಧಿ ಚೀಟಿ ಜೋಪಾನ. ರಸೀದಿ ಕೊಡದಿದ್ದರೆ ಕೇಳಿ ಪಡೆಯಬೇಕು. ಸಂಕೋಚ ಯಾಕೆ?

ದುಡ್ಡು ಕೊಟ್ಟು ಪಡೆದ ಚಿಕಿತ್ಸೆಗೆ ಗ್ರಾಹಕರ ಕಾನೂನು ಇದೆ. 1995ರಲ್ಲಿ ಸುಪ್ರೀಂ ಕೋರ್ಟು ಹೀಗೆ ತೀರ್ಪು ಕೊಟ್ಟಿತು. ಎಲ್ಲರಿಗೂ ಪುಕ್ಕಟೆ ನೋಡುವ ಆಸ್ಪತ್ರೆಗೆ ಇದು ಸೇರುವುದಿಲ್ಲ. ದೂರನ್ನು ನಾವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ 2 ವರ್ಷದ ಒಳಗೆ ಕೊಡಬೇಕು. ಡಾಕ್ಟರಿಗೆ ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಫೀಸು ಇಲ್ಲ. ವಕೀಲರು ಬೇಕೇ ಬೇಕು ಅಂತಲೂ ಇಲ್ಲ. ಬೇಕಾದರೆ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಕೇಸು ತಿಂಗಳುಗಟ್ಟಲೆ ಎಳೆಯಬಹುದು. ಕೂಲಿ ಬಿಟ್ಟು ಓಡಾಡಬೇಕು. ಹೋದದ್ದು 500 ರೂಪಾಯಿ ಆದರೆ ಮಾತಿನಲ್ಲೇ ಮುಗಿಸುವುದು ಲೇಸು ಅಂತ ನಮಗೆ ಅನ್ನಿಸುತ್ತದೆ. 20 ಸಾವಿರ ಹೋಗಿ, ದವಡೆಯೂ ಕೆಟ್ಟು, ಇನ್ನೊಬ್ಬ ಡಾಕ್ಟರು ತಪ್ಪಾಗಿದೆ ಅಂತ ಬರೆದುಕೊಟ್ಟಿದ್ದರೆ ಬಿಡಬಾರದು.